ಗೋಧಿಕಾಳಿನ ದಂಡು

ಮೊನ್ನೆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಗಾದಿಗೆ ಒರಗಿ ತೂಕಡಿಸುತ್ತಿದ್ದೆ. ಬಟ್ಟೆ ಅಂಗಡಿಗೆ ಅದರದೇ ಒಂದು ವಾಸನೆ ಇರುತ್ತದೆ, ಹೊಸ ಥಾನುಗಳ ಗಂಜಿಯ ವಾಸನೆ. ಅದರಲ್ಲೇ ಹುಟ್ಟಿ ಬೆಳೆದ ನನ್ನಂಥವನಿಗೆ ಅದು ಗೊತ್ತಾಗುವುದೂ ಇಲ್ಲ. ಅಂಥ ಮೂಗಿಗೆ ಒಮ್ಮೆಲೇ ಟರ್ಪೆಂಟೈನ್ ಘಾಟು ಬಡಿಯಿತು. ಕಣ್ಣು ಬಿಡುವ ಮೊದಲೇ ಬಾಯಿ ಬಿಟ್ಟಿದ್ದೆ: “ಬಾರಲೇ ಕೊಟ್ರಾ, ಕುಂದ್ರು.”

ಕಣ್ಣು ಬಿಟ್ಟರೆ ಎದುರಿಗೆ ನಿಂತಿದ್ದವಳು ಗಿರಿಜಮ್ಮ, ನನ್ನ ಗೆಳೆಯ ಕೊಟ್ರಬಸಪ್ಪನ ಹೆಂಡತಿ. ಕೊಟ್ರಬಸಪ್ಪ ತೀರಿಕೊಂಡು ಎರಡು ಅಮಾವಾಸ್ಯೆ ಕಳೆದಿವೆ. ನಾನಾಡಿದ ಮಾತು ಆಕೆಗೆ ಕೇಳಿಸಿತ್ತು. ಕೇಳಿಸದವಳಂತೆ ಚೀಲದಿಂದ ಒಂದು ಹಳೆಯ ಉಪ್ಪಿನಕಾಯಿ ಬಾಟಲಿ ತೆಗೆದು ಗಾದಿಯ ಮೇಲಿಟ್ಟಳು. ಅದರ ತುಂಬ ಕೊಟ್ರನ ಕುಂಚಗಳು. ಆಮೇಲೆ ಟವೆಲ್ಲಿನಲ್ಲಿ ಸುತ್ತಿದ ಒಂದು ಫೋಟೋ ಬಿಚ್ಚಿದಳು. ಗೋಡೆಗೆ ಒರಗಿಸಿ ಕೂಡಿಸಿದ ಕೊಟ್ರ. ಹಣೆಗೆ ವಿಭೂತಿ, ತಲೆಗೆ ನನ್ನ ಅಂಗಡಿಯದೇ ರುಮಾಲು, ಮುಚ್ಚಿದ ಕಣ್ಣು.

“ಅಣ್ಣಾರ, ಇದಕ್ಕ ಕಣ್ಣು ತೆರಸಿಕೊಡ್ರಿ” ಎಂದಳು. “ನನ್ನ ಕಡಿಗೆ ಸೀದಾ ನೋಡೋ ಹಂಗ ಇರ್ಲಿ. ಕಣ್ಣು ಹೋದಾಗಿಂದ ಅವರು ಒಂದು ಸಲನೂ ನನ್ನ ಸೀದಾ ನೋಡಿಲ್ಲ.”

ನಿಮಗೆ ಇದು ವಿಚಿತ್ರ ಬೇಡಿಕೆ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ, ಯಾಕೆಂದರೆ ಕೊಟ್ರ ಬದುಕಿದ್ದೇ ಆ ಕೆಲಸದ ಮೇಲೆ. ನಮ್ಮ ಜನದಲ್ಲಿ ತೀರಿಕೊಂಡವರನ್ನು ಮಲಗಿಸಿಡುವುದಿಲ್ಲ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಮಣ್ಣು ಮಾಡುವಾಗಲೂ ಕೂಡಿಸಿಯೇ. ಹಳ್ಳಿಯ ಹಿರಿಯರು ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ. ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ ಕೆಲವರಿಗೆ, ದಂಡದ ಖರ್ಚು ಎಂಬ ಸಿಟ್ಟು ಉಳಿದವರಿಗೆ. ಹೀಗಾಗಿ ಮೊದಲ ಫೋಟೋ ಸತ್ತ ದಿನವೇ. ಕೂಡ್ಲಿಗಿ ಕಡೆಯಿಂದ, ಹಡಗಲಿ ಕಡೆಯಿಂದ ಜನ ಹರಪನಹಳ್ಳಿಗೆ ಬಂದು, ನನ್ನ ಅಂಗಡಿಯಲ್ಲಿ ರುಮಾಲು ಕೊಂಡು, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಕೊಟ್ರನ ಸ್ಟುಡಿಯೋಕ್ಕೆ ಹೋಗುತ್ತಿದ್ದರು. ಒಂದೇ ಸಾವಿನಿಂದ ಇಬ್ಬರ ಮನೆಯ ಒಲೆಯೂ ಉರಿಯುತ್ತಿತ್ತು. ನಮ್ಮ ಸ್ನೇಹ ಬೆಳೆದದ್ದು ಹಾಗೆ.

ಅವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗಿ ಫೋಟೋ ತೆಗೆದು ತರುತ್ತಿದ್ದ. ಪ್ರಿಂಟು ಹಾಕಿ, ಅದರ ಮೇಲೆ ಕುಂಚದಿಂದ ಕಣ್ಣು ಬರೆಯುತ್ತಿದ್ದ. ರೆಪ್ಪೆ ಎತ್ತಿ, ಬಿಳುಪು ತುಂಬಿ, ನಡುವೆ ಕಪ್ಪು ಇಟ್ಟರೆ ಸತ್ತ ಗೌಡರು ಎದ್ದು ಸಾಲ ಕೇಳುವಂತೆ ನೋಡುತ್ತಿದ್ದರು. ಬರೆಯುವ ಮೊದಲು ಮನೆಯವರನ್ನು ಒಂದು ಪ್ರಶ್ನೆ ಕೇಳುತ್ತಿದ್ದ: “ಯಾರ ಕಡಿ ನೋಡಿದಂಗ ಇರ್ಬೇಕ್ರಿ?” ಆ ಮಾತಿಗೆ ಜನ ತಬ್ಬಿಬ್ಬಾಗುತ್ತಿದ್ದರು. ಕೆಲವು ಮನೆಗಳಲ್ಲಿ ಅಣ್ಣತಮ್ಮಂದಿರ ನಡುವೆ ಅಲ್ಲೇ ಜಗಳವಾಗಿದ್ದೂ ಉಂಟು. ಆಮೇಲೆ ಸತ್ತವರ ತಮ್ಮನನ್ನೋ ಮಗನನ್ನೋ ಎದುರಿಗೆ ಸ್ಟೂಲಿನ ಮೇಲೆ ಕೂಡಿಸಿಕೊಂಡು, ಅವರ ಕಣ್ಣು ನೋಡಿ ಇವರಿಗೆ ಬರೆಯುತ್ತಿದ್ದ.

ಮೊಬೈಲು ಬಂತು. ಹಣ್ಣು ಹಣ್ಣು ಮುದುಕಿಯರೂ ಮೊಮ್ಮಕ್ಕಳ ಜೊತೆ ನಗುತ್ತ ಫೋಟೋ ತೆಗೆಸಿಕೊಂಡರು. ಸತ್ತವರ ಕಣ್ಣು ತೆರೆಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಕೊಟ್ರ ಪಾಸ್‌ಪೋರ್ಟ್ ಸೈಜಿನ ಫೋಟೋ, ಜೆರಾಕ್ಸು ಎಂದು ದಿನ ದೂಡಿದ. ಕೈ ಮಾತ್ರ ಸುಮ್ಮನಿರಲೊಲ್ಲದು. ಹಾಗಿರುವಾಗ ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದ ಒಬ್ಬ ಗಡ್ಡದವನು ಸಣ್ಣ ಸಣ್ಣ ಸೈನಿಕರಿಗೆ ಬಣ್ಣ ಹಚ್ಚುವುದನ್ನು ನೋಡಿದ. ಹಳೆಯ ಕಾಲದ ಕಾಳಗಗಳನ್ನು ಮೇಜಿನ ಮೇಲೆ ಆಡುವ ಆಟವಂತೆ ಅದು. ಗುಡ್ಡ, ಹಳ್ಳ, ಕೋಟೆ ಎಲ್ಲ ಮಾಡಿಟ್ಟು, ಅಳತೆ ಪಟ್ಟಿ ಹಿಡಿದು ದಂಡು ಸರಿಸಬೇಕು, ದಾಳ ಹಾಕಿ ಯಾರು ಸತ್ತರೆಂದು ತೀರ್ಮಾನಿಸಬೇಕು. ಅದರಲ್ಲೂ ತೀರ ಸಣ್ಣ ಗಾತ್ರದ ಸೈನಿಕರಿದ್ದಾರೆ, ಒಬ್ಬೊಬ್ಬ ಒಂದು ಗೋಧಿಕಾಳಿನಷ್ಟು. ಕೊಟ್ರ ಮನಸೋತದ್ದು ಅವರಿಗೆ. ಸೀಸದ ದಂಡು ಪಾರ್ಸೆಲ್ಲಿನಲ್ಲಿ ಬಂತು.

ನನ್ನನ್ನು ಕರೆದು ಅಂಗೈ ಮೇಲೆ ಒಬ್ಬನನ್ನು ಇಟ್ಟ. ನಾನು ಕನ್ನಡಕ ಏರಿಸಿ, ಇಳಿಸಿ, “ಇದೇನಲೇ, ಇಲಿ ಹಿಕ್ಕಿ ಇದ್ದಂಗೈತಿ” ಎಂದೆ.

“ಬಣ್ಣ ಬೀಳ್ಲಿ ತಡಿ” ಎಂದ.

ಐಸ್‌ಕ್ರೀಮಿನ ಕಡ್ಡಿಗೆ ಸಾಲಾಗಿ ಅಂಟಿಸಿ, ಮೊದಲು ಎಲ್ಲರಿಗೂ ಕಪ್ಪು ಬಳಿಯಬೇಕು. ಆಮೇಲೆ ಎದ್ದು ಕಾಣುವ ಕಡೆ ಮಾತ್ರ ಬಣ್ಣ: ಹೆಗಲಿಗೊಂದು ಚುಕ್ಕಿ, ತಲೆಗೊಂದು ಚುಕ್ಕಿ, ಈಟಿಯ ತುದಿಗೆ ಒಂದು ಗೀರು. ಪರದೇಶದ ಟೊಪ್ಪಿಗೆಗಳನ್ನು ಅರದಿಂದ ತಿಕ್ಕಿ ತೆಗೆದು, ಮೇಣದಂಥ ಹಿಟ್ಟಿನಿಂದ ರುಮಾಲು ಸುತ್ತಿದ. ರುಮಾಲಿಗೆ ಬಣ್ಣ ಯಾವುದಿರಬೇಕು ಎಂದು ನನ್ನ ಅಂಗಡಿಯ ಚೂರು ಬಟ್ಟೆ ಒಯ್ದು ನೋಡುತ್ತಿದ್ದ. ಹೀಗೆ ನಾನು ಆ ದಂಡಿಗೆ ಬಟ್ಟೆ ಒದಗಿಸುವವನಾಗಿ ಸೇರಿಕೊಂಡೆ, ಬರಬರುತ್ತ ಶತ್ರುವಾದೆ. ಉಚ್ಚಂಗಿದುರ್ಗದ ಕೋಟೆ ಅವನದು, ಕೆಳಗೆ ಬೀಡು ಬಿಟ್ಟ ಮುತ್ತಿಗೆ ನನ್ನದು. ಯಾವ ಅರಸು, ಯಾವ ಪಾಳೆಯಗಾರ ಎಂದು ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಅಂಥ ಗುಡ್ಡದ ಮೇಲೆ ಯಾರಾದರೊಬ್ಬರು ಕೂತೇ ಇರುತ್ತಿದ್ದರು, ಕೆಳಗೆ ಯಾರಾದರೊಬ್ಬರು ಬಂದೇ ಬರುತ್ತಿದ್ದರು.

ನಾನೂ ಬಣ್ಣ ಹಚ್ಚಲು ಕಲಿತೆ. ಕತ್ತರಿ, ಮೀಟರು ಪಟ್ಟಿ ಹಿಡಿದು ಬೆಳೆದ ದಪ್ಪ ಬೆರಳು ನನ್ನವು. ಮೊದಲ ಸಾಲಿನ ಸೈನಿಕರು ಓಕುಳಿಯಲ್ಲಿ ಬಿದ್ದು ಎದ್ದವರಂತೆ ಕಂಡರು. ಆದರೂ ಜಂಭ ನೋಡಿ, ಒಬ್ಬನಿಗೆ ಕಣ್ಣು ಇಟ್ಟುಬಿಟ್ಟೆ. ಕೊಟ್ರ ಅದನ್ನು ಮೊಳ ದೂರದಲ್ಲಿ ಹಿಡಿದು ತೋರಿಸಿದ. ಗುಂಪಿನಲ್ಲಿ ಅವನೊಬ್ಬನೇ ದೆವ್ವದಂತೆ ದಿಟ್ಟಿಸುತ್ತಿದ್ದ.

“ಇಷ್ಟು ಸಣ್ಣ ಮನಷಗ ಕಣ್ಣು ಬರೀಬಾರ್ದಲೇ” ಎಂದ. “ರುಮಾಲಿನ ಕೆಳಗ ಒಂದೀಟು ನೆರಳು ಬಿಡು ಸಾಕು. ಕಣ್ಣು ನೋಡೋರು ಇಟ್ಕಂತಾರ.”

ಹೊಟ್ಟೆಪಾಡಿಗೆ ಸತ್ತವರಿಗೆಲ್ಲ ಕಣ್ಣು ಬರೆದವನು, ಮನಸ್ಸಿಗಾಗಿ ಮಾಡಿದ ಇಡೀ ದಂಡಿಗೆ ಒಂದು ಕಣ್ಣೂ ಬರೆಯಲಿಲ್ಲ.

ಅವನಿಗೆ ಇನ್ನೊಂದು ಪದ್ಧತಿ ಇತ್ತು. ದಾಳ ಬಿದ್ದು ಸೈನಿಕರು ಸತ್ತರೆ ಅವರನ್ನು ಡಬ್ಬಿಗೆ ಹಾಕಲು ಬಿಡುತ್ತಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ, ಗೋಡೆಗೆ ಒರಗಿಸಿ ಇಡಬೇಕು. “ಮಲಗಸಬ್ಯಾಡ, ಒರಗಸು” ಎನ್ನುತ್ತಿದ್ದ. ನಾನು ಮೊದಮೊದಲು ನಗುತ್ತಿದ್ದೆ. ಆಮೇಲೆ ನನ್ನ ಕೈಯೇ ತಾನಾಗಿ ಅವರನ್ನು ಒರಗಿಸತೊಡಗಿತು.

ಆಟದ ಮೇಜಿನ ಮೇಲೆ ಕಟ್ಟುತ್ತಿದ್ದ ಗುಡ್ಡಕ್ಕೆ ಮಣ್ಣು ಬೇಕಿತ್ತು. ಬಣ್ಣದ ಪುಡಿ ಉದುರಿಸಿದರೆ ಆಗುವುದಿಲ್ಲವೇ ಎಂದರೆ ಕೇಳಲಿಲ್ಲ. ಕೂಡ್ಲಿಗಿ ಕಡೆಯ ಕೆಂಪು ಮಸಾರಿ, ಹಡಗಲಿ ಕಡೆಯ ಎರೆಮಣ್ಣು, ಮಾಗಳದ ಹೊಳೆಯ ಮರಳು, ಎಲ್ಲ ಊರಿನಿಂದ ಸಣ್ಣ ಸಣ್ಣ ಗಂಟು ಬಂದವು. ಹಗರಿಬೊಮ್ಮನಹಳ್ಳಿಯ ಬೀಗರ ಮನೆಗೆ ಉಂಡು ಬರಲು ಹೋದವನು ಅವರ ಹಿತ್ತಲಿನ ಮಣ್ಣು ಕೆದರಿ ತಂದು ನಗೆಪಾಟಲಾದ. ನನ್ನ ಅಂಗಡಿಯ ಮಲ್ಲು ಬಟ್ಟೆಯಲ್ಲಿ ಸೋಸಿ, ಬಿಳಿ ಗೋಂದು ಬಳಿದ ಥರ್ಮೋಕೋಲ್ ಗುಡ್ಡದ ಮೇಲೆ ಉದುರಿಸುತ್ತಿದ್ದೆವು. ಮೆಕ್ಕೆಜೋಳದ ತೆನೆಯ ರೇಷ್ಮೆಯನ್ನು ಒಣಗಿಸಿ ಕತ್ತರಿಸಿದರೆ ಹುಲ್ಲು. ತೆಂಗಿನ ನಾರಿನ ಪುಡಿ ಮುಳ್ಳುಕಂಟಿ. ಗುಡ್ಡದ ಕೆಳಗೆ ಹಲಗೆ, ಹಲಗೆಯ ಮೇಲೆ ಅಂಟಿಸಿದ ರಟ್ಟು, ಪೇಪರು.

ಮಣ್ಣನ್ನು ಉದುರಿಸುವ ಮೊದಲು ಹುರಿಯಬೇಕು, ಹುಳ ಹುಪ್ಪಟೆ ಸಾಯಲಿ ಎಂದು. ಮೊಬೈಲಿನ ಗಡ್ಡದವನು ಅದನ್ನು ಒತ್ತಿ ಒತ್ತಿ ಹೇಳಿದ್ದ. ಗಿರಿಜಮ್ಮ ಒಂದು ಹಳೆಯ ಹಂಚನ್ನು ಬಿಟ್ಟುಕೊಟ್ಟಳು. ಮಸಾರಿ ಹುರಿದೆವು, ಎರೆ ಹುರಿದೆವು. ಕೋಟೆಯ ಗೋಡೆಗೆ ಮಾತ್ರ ನುಣುಪು ಮಣ್ಣು ಬೇಕೆಂದು ಕೊಟ್ರ ಹುತ್ತದ ಮಣ್ಣು ತಂದಿದ್ದ. ಅದನ್ನು ಹಂಚಿಗೆ ಸುರಿಯಲು ಹೋದಾಗ ಗಿರಿಜಮ್ಮ ಹಂಚು ಕಸಿದುಕೊಂಡಳು.

“ಪಂಚಮಿಗೆ ಹಾಲೆರೆಯೋ ಮಣ್ಣು ಅದು. ಹುರೀತಾರೇನ್ರಿ ಅದನ್ನ?”

ಗಡ್ಡದವನ ದೇಶದಲ್ಲಿ ಹುತ್ತಕ್ಕೆ ಹಾಲೆರೆಯುವುದಿಲ್ಲ, ಅವನು ಏನಾದರೂ ಹೇಳಿಯಾನು. ಕೊಟ್ರ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಒಳಗೊಳಗೇ ಆಕೆ ಹೇಳಿದ್ದು ಸರಿ ಅನ್ನಿಸಿತ್ತು. ಹುತ್ತದ ಮಣ್ಣನ್ನು ಹಸಿಯಾಗಿಯೇ ಕಲಸಿ ಗೋಡೆ ಕಟ್ಟಿದೆವು.

ಅಷ್ಟರಲ್ಲಿ ಅವನ ಕಣ್ಣು ಕೆಡತೊಡಗಿತ್ತು. ಸಕ್ಕರೆ ಕಾಯಿಲೆ. ಗೋಧಿ ಹುಗ್ಗಿ ಅಂದರೆ ಜೀವ ಬಿಡುವವನು, ಜೀವ ಬಿಡಬೇಕಾಗಿ ಬರುತ್ತದೆ ಎಂದು ಎಷ್ಟು ಹೇಳಿದರೂ ಕೇಳಿದವನಲ್ಲ. ದಾವಣಗೆರೆಯಲ್ಲಿ ಡಾಕ್ಟರು ಕಣ್ಣಿಗೇ ಸೂಜಿ ಹಾಕಿದರು, ಬಂದದ್ದು ತಡವಾಯಿತು ಎಂದೂ ಮೊದಲೇ ಹೇಳಿದರು. ಒಂದು ಕಣ್ಣು ಹೋಗಿ, ಇನ್ನೊಂದು ಮಬ್ಬಾಯಿತು. ಊರಿನಲ್ಲಿ ಜನ ಆಡಿಕೊಂಡರು: ಹೆಣಗಳಿಗೆ ಕಣ್ಣು ಕೊಟ್ಟ, ಅವು ಇವನದನ್ನು ಕೇಳಿದವು. ಈ ಮಾತನ್ನು ನನ್ನ ಅಂಗಡಿಯಲ್ಲಿ ಕೂತು ಆಡಿದ ಒಬ್ಬ ಹಳೆಯ ಗಿರಾಕಿಯನ್ನು ನಾನು ಎಬ್ಬಿಸಿ ಕಳಿಸಿದೆ. ಇವತ್ತಿಗೂ ಅವನು ಎದುರಿನ ಅಂಗಡಿಯಲ್ಲೇ ಪಂಚೆ ಕೊಳ್ಳುತ್ತಾನೆ. ಕೊಳ್ಳಲಿ. ರೋಗಕ್ಕೆ ನ್ಯಾಯ ಹುಡುಕುವವರನ್ನು ಕಂಡರೆ ನನಗಾಗುವುದಿಲ್ಲ.

ಇನ್ನೂ ಒಂದಿಷ್ಟು ಕಾಣುತ್ತಿದ್ದಾಗ ಉಚ್ಚಂಗಿದುರ್ಗಕ್ಕೆ ಕರೆದುಕೊಂಡು ಹೋಗು ಎಂದ. ಹೋದೆವು. ಮೆಟ್ಟಿಲಿಗೆ ಮೆಟ್ಟಿಲಿಗೆ ಕೂತು, ನನ್ನ ಹೆಗಲು ಹಿಡಿದು ಹತ್ತಿದ. ಮೇಲೆ ಹೋದ ಮೇಲೆ ದೇವಿಗೆ ಕೈಮುಗಿದು, ನೆಟ್ಟಗೆ ಕೋಟೆ ಗೋಡೆಯ ಹತ್ತಿರ ಹೋಗಿ ಕಲ್ಲುಗಳನ್ನು ಸವರತೊಡಗಿದ. ಕಲ್ಲು ಕಲ್ಲಿನ ಸಂದಿಗೆ ಬೆರಳು ಹಾಕಿ ನೋಡುತ್ತಿದ್ದ. ದನ ಕೊಳ್ಳುವವರು ಅದರ ಬಾಯಿಗೆ ಕೈ ಹಾಕಿ ನೋಡುತ್ತಾರಲ್ಲ, ಹಾಗೆ.

“ಕೆಳಗ ಏನೇನು ಕಾಣ್ತೈತಿ ಹೇಳು.”

“ಮೆಕ್ಕೆಜೋಳ. ಬರೇ ಮೆಕ್ಕೆಜೋಳ. ಒಂದು ಟ್ರ್ಯಾಕ್ಟರ್ ಹೊಂಟೈತಿ.”

“ಟ್ರ್ಯಾಕ್ಟರ್ ತೆಗದು ಹೇಳು.”

ನಾನು ಟ್ರ್ಯಾಕ್ಟರು ತೆಗೆದೆ, ಕರೆಂಟು ಕಂಬ ತೆಗೆದೆ, ಮೊಬೈಲ್ ಟವರು ತೆಗೆದೆ. ಎಲ್ಲ ತೆಗೆದ ಮೇಲೆ ಉಳಿದದ್ದನ್ನು ಹೇಳಿದೆ. ಅವನು ಕೇಳುತ್ತ ನಿಂತಿದ್ದ. ಇಳಿಯುವಾಗ, “ಇಲ್ಲಿ ಕುಂತೋರಿಗೆ ದಂಡು ಬರೋದು ಎಷ್ಟೋ ಮುಂಚೆ ಕಾಣ್ತಿತ್ತು. ಕಂಡು ಏನು ಮಾಡಿದ್ರು? ಕಾದ್ರು, ಅಷ್ಟ” ಎಂದ. ತನ್ನ ಕಣ್ಣಿನ ಬಗ್ಗೆ ಅವನು ಆಡಿದ ಮಾತು ಅದೊಂದೇ, ಅದೂ ಕೋಟೆಯ ನೆಪದಲ್ಲಿ.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಕಣ್ಣು ಪೂರ್ತಿ ಹೋಯಿತು. ಕಪ್ಪು ಕನ್ನಡಕ ಬಂತು. ಸ್ಟುಡಿಯೋ ಬಿಟ್ಟುಕೊಟ್ಟು, ಗುಡ್ಡವನ್ನು ಮನೆಯ ಪಡಸಾಲೆಗೆ ಹೊತ್ತು ತಂದೆವು. ನಾನು ಮಧ್ಯಾಹ್ನ ಅಂಗಡಿ ಮುಚ್ಚಿ ಅಲ್ಲಿಗೆ ಹೋಗುತ್ತಿದ್ದೆ. ಬಣ್ಣದ ಕೆಲಸ ನನ್ನ ಪಾಲಿಗೆ ಬಿತ್ತು. ಅವನು ಬಣ್ಣ ಹಚ್ಚಿದವರನ್ನು ಮುಟ್ಟಿ ಮುಟ್ಟಿ, “ಬಣ್ಣ ದಪ್ಪ ಆತು” ಎನ್ನುತ್ತಿದ್ದ. ಮನೆಯೊಳಗೆ ಕನ್ನಡಕ ತೆಗೆದಿಡುತ್ತಿದ್ದ. ಎದುರಿಗೆ ಕೂತವರೊಡನೆ ಮಾತಾಡುವಾಗ ಅವನ ನೋಟ ನಮ್ಮ ಮೇಲೆ ಬೀಳುತ್ತಿರಲಿಲ್ಲ, ಒಂದು ಗೇಣು ಆಚೆ ಬೀಳುತ್ತಿತ್ತು. ನನ್ನ ಬದಲು ನನ್ನ ಹಿಂದಿನ ಕ್ಯಾಲೆಂಡರಿನ ಜೊತೆ ಮಾತಾಡುತ್ತಿದ್ದ. ಇದು ನನಗೆ ಎಷ್ಟು ಸಂಕಟ ಕೊಡುತ್ತಿತ್ತೆಂದರೆ, ನಾನು ಅವನ ಮುಖ ನೋಡುವುದನ್ನೇ ಬಿಟ್ಟು ಕೈ ನೋಡುತ್ತ ಮಾತಾಡತೊಡಗಿದೆ. ಒಮ್ಮೆ ಗಿರಿಜಮ್ಮ ಚಹಾ ತಂದು ನಿಂತಳು. ಅವನು ಆಕೆಗೆ ಏನೋ ಹೇಳುತ್ತ ಪಕ್ಕದ ಕಂಬವನ್ನು ನೋಡುತ್ತಿದ್ದ. ಆಕೆ ಲೋಟ ಇಟ್ಟು, ಎರಡು ಹೆಜ್ಜೆ ಸರಿದು ಕಂಬಕ್ಕೆ ಒರಗಿ ನಿಂತುಕೊಂಡಳು. ಪಾಪ, ಮಂಡಿ ನೋವು ಇರಬೇಕು ಅಂದುಕೊಂಡೆ.

ಕೊನೆಯ ಸಾಲಿನ ಸೈನಿಕರನ್ನು ಕೋಟೆಯ ಮೇಲೆ ತಾನೇ ನಿಲ್ಲಿಸುತ್ತೇನೆ ಎಂದು ಹಟ ಹಿಡಿದ. ದಂಡು ಪೂರ್ತಿಯಾಗುವುದಿತ್ತು, ಇನ್ನೇನು ನಿಜವಾದ ಮುತ್ತಿಗೆ ಆಡಬಹುದಿತ್ತು. ಒಬ್ಬೊಬ್ಬನನ್ನೇ ನಾನು ಅವನ ಬೆರಳಿಗೆ ಕೊಡುತ್ತಿದ್ದೆ. ಅವನು ಎಡಗೈಯಿಂದ ಗೋಡೆ ಸವರಿ ಜಾಗ ಹುಡುಕಿ, ಬಲಗೈಯಿಂದ ಒತ್ತಿ ನಿಲ್ಲಿಸುತ್ತಿದ್ದ. ಹೆಬ್ಬಾಗಿಲ ಬುರುಜಿನ ಮೇಲೆ ಒತ್ತಿದಾಗ ಬೆರಳು ಒಳಗೆ ಹೋಯಿತು. ಬುರುಜು, ಅದರ ಪಕ್ಕದ ಗೋಡೆ, ಗೋಡೆಯ ಮೇಲೆ ನಿಂತವರು, ಎಲ್ಲ ಸದ್ದಿಲ್ಲದೆ ಕುಸಿದವು. ನಾನು ಬಗ್ಗಿ ನೋಡಿದೆ. ಒಳಗೆ ಹಲಗೆ ಇರಲಿಲ್ಲ, ರಟ್ಟೂ ಇರಲಿಲ್ಲ. ಹುತ್ತದ ಮಣ್ಣಿನ ಜೊತೆ ಬಂದ ಗೆದ್ದಲು ಇಡೀ ಗುಡ್ಡವನ್ನು ಒಳಗಿನಿಂದ ತಿಂದು, ಮೇಲಿನ ಸಿಪ್ಪೆಯಷ್ಟೇ ಬಿಟ್ಟಿತ್ತು. ಕಣ್ಣಿದ್ದ ನಾನು ದಿನಾ ಅದರ ಮುಂದೆಯೇ ಕೂತಿದ್ದೆ, ನನಗೂ ಕಂಡಿರಲಿಲ್ಲ.

“ಏನಾತು?” ಎಂದ. ಹೇಳಿದೆ. ಬೆರಳಿಗೆ ಹತ್ತಿದ ಹುಳುಗಳನ್ನು ಅವನು ನಿಧಾನವಾಗಿ ಒರೆಸಿಕೊಂಡ.

“ಹೋಗ್ಲಿ ಬಿಡು. ಬಾಗಿಲು ತೆರದಂಗಾತು. ನಿನ್ನ ದಂಡು ಒಳಗ ಬರ್ಲಿ.”

ನನಗೆ ಅಳು ಬಂತು. ಅಳುವುದು ಅವನಿಗೆ ಕಾಣುವುದಿಲ್ಲ ಎಂಬ ಧೈರ್ಯದಿಂದ ಅತ್ತೆ. ಅವನು ಕ್ಯಾಲೆಂಡರಿನ ಕಡೆ ನೋಡಿ, “ಮೂಗು ಒರಸ್ಕೋ” ಎಂದ. ಆಮೇಲೆ ಎಲ್ಲರನ್ನೂ ಕಿಟಕಿಯ ಕಟ್ಟೆಗೆ ಒರಗಿಸು ಎಂದ. ಯಾರನ್ನು ಎಂದೆ. “ಎರಡೂ ಕಡಿಯೋರನ್ನ” ಎಂದ. ಗಿರಿಜಮ್ಮ ಮಣ್ಣನ್ನು ತಿಪ್ಪೆಗೆ ಚೆಲ್ಲಲಿಲ್ಲ. ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಹುತ್ತಕ್ಕೇ ಸುರಿದು, ಕೈಮುಗಿದು ಬಂದಳು. ಹಂಚು ಕಸಿದುಕೊಂಡದ್ದರ ಬಗ್ಗೆ ಆಕೆ ಮಾತೆತ್ತಲಿಲ್ಲ, ಕೊಟ್ರನೂ ಎತ್ತಲಿಲ್ಲ.

ಅದಾದ ಮೇಲೆ ಅವನು ಬಹಳ ದಿನ ಉಳಿಯಲಿಲ್ಲ. ಮೂತ್ರಪಿಂಡಗಳು ಕೈಕೊಟ್ಟವು. ರುಮಾಲನ್ನು ನಾನೇ ಸುತ್ತಿದೆ. ಗೋಧಿಕಾಳಿನ ತಲೆಗಳಿಗೆ ಸುತ್ತಿ ಅಭ್ಯಾಸವಾದ ಕೈಗೆ ಆ ತಲೆ ಬಹಳ ದೊಡ್ಡದೆನ್ನಿಸಿತು. ಹಗರಿಬೊಮ್ಮನಹಳ್ಳಿಗೆ ಕೊಟ್ಟ ಮಗಳು ಬಂದು, ಅಪ್ಪನನ್ನು ಕೂಡಿಸಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು.

ಆ ಫೋಟೋವೇ ಮೊನ್ನೆ ನನ್ನ ಗಾದಿಯ ಮೇಲೆ ಇದ್ದದ್ದು. ಬೇರೆ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ, ನಾನೂ ಕೇಳಿದೆ. ಜೀವಮಾನವಿಡೀ ಕ್ಯಾಮೆರಾದ ಹಿಂದೆ ನಿಂತವನು. ಕೊನೆಯ ವರ್ಷಗಳ ಫೋಟೋಗಳಲ್ಲೆಲ್ಲ ಕಪ್ಪು ಕನ್ನಡಕ. ಮದುವೆಯ ಫೋಟೋ ಇದೆ. “ಅದರಾಗ ಇನ್ನೂ ಹುಡುಗ ಅದಾರ. ಈ ವಯಸ್ಸಿಗೆ ಒಬ್ಬ ಹುಡುಗನಿಗೆ ಹಾರ ಹಾಕ್ಲೇನ್ರಿ?” ಎಂದಳು. ಆಧಾರ್ ಕಾರ್ಡಿನದು ಕಳ್ಳನ ಹಾಗೆ ಬಂದಿದೆಯಂತೆ, ಅದರಲ್ಲಿ ಯಾರು ತಾನೇ ಸಾಹುಕಾರನಂತೆ ಬರುತ್ತಾರೆ. ಪೇಟೆಯ ಹೊಸ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಕಣ್ಣು ಕೂಡಿಸಿಕೊಟ್ಟಿದ್ದನಂತೆ. ಚೆಂದವೇ ಇತ್ತಂತೆ. “ಯಾರದೋ ಕಣ್ಣು” ಎಂದಳು, ಅಷ್ಟೇ.

ನನ್ನಿಂದ ಆಗದು ಎಂದೆ. ನಾನು ಕಲಿತದ್ದು ಕಣ್ಣಿಲ್ಲದ ದಂಡಿಗೆ ಬಣ್ಣ ಹಚ್ಚುವುದನ್ನು. ಆಕೆ ಬಾಟಲಿಯಿಂದ ಎಲ್ಲಕ್ಕಿಂತ ಸಣ್ಣ ಕುಂಚ ಹೆಕ್ಕಿ ನನ್ನ ಕೈಯಲ್ಲಿಟ್ಟಳು.

ಒಪ್ಪಿದೆ. ಕೊಟ್ರನಿಗೆ ಒಡಹುಟ್ಟಿದವರಿಲ್ಲ, ಮಗನಿಲ್ಲ, ಮಗಳದು ತಾಯಿಯ ಕಣ್ಣು; ಎದುರಿಗೆ ಕೂಡಿಸಿಕೊಂಡು ನೋಡಲು ಕಣ್ಣಿಲ್ಲ. ನೆನಪಿನಿಂದಲೇ ಬರೆಯಬೇಕು. ನೋಟ ಆಕೆಯ ಕಡೆ ಇರಬೇಕಲ್ಲ, ಅದಕ್ಕೆ ಆಕೆಯನ್ನೇ ಸ್ಟೂಲು ಹಾಕಿ ಎದುರಿಗೆ ಕೂಡಿಸಿಕೊಂಡೆ. ಮಧ್ಯಾಹ್ನದ ಹೊತ್ತು ಅಂಗಡಿಯ ಬಾಗಿಲು ಅರ್ಧ ಎಳೆದು ಕೆಲಸ ಮಾಡಿದೆ. ಒಂದು ದಿನ ರೆಪ್ಪೆ, ಇನ್ನೊಂದು ದಿನ ಬಿಳುಪು. ಕೊಟ್ರ ಹೇಳುತ್ತಿದ್ದಂತೆ ಮೊಳ ದೂರ ಹಿಡಿದು ನೋಡಿದೆ, ಉಸಿರು ಹಿಡಿದೆ, ಬಣ್ಣ ತೆಳು ಮಾಡಿದೆ. ಇವತ್ತು ಕಪ್ಪು ಇಡುವ ದಿನ. ಎಡಗಣ್ಣು ಸರಿಯಾಗಿ ಬಂತು. ಬಲಗಣ್ಣಿನ ಕಪ್ಪು ಮಾತ್ರ ಒಂದು ಕೂದಲೆಳೆಯಷ್ಟು ಆಚೆ ಹೋಯಿತು.

ಅಷ್ಟೇ ಸಾಕಾಯಿತು. ಫೋಟೋ ಎತ್ತಿ ನಿಲ್ಲಿಸಿದರೆ, ಕೊಟ್ರ ಗಿರಿಜಮ್ಮನನ್ನು ಬಿಟ್ಟು, ಆಕೆಯ ಪಕ್ಕದಲ್ಲಿ ಒಟ್ಟಿದ್ದ ಟವೆಲ್ಲುಗಳ ರಾಶಿಯನ್ನು ನೋಡುತ್ತಿದ್ದ. ಆಕೆ ಕೇಳಿದ್ದು ಒಂದೇ ಒಂದು, ಅದನ್ನೇ ಕೆಡಿಸಿದ್ದೆ. ಅರಿವೆ ತುಂಡನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸಲು ಹೋದೆ.

“ತಡೀರಿ ಅಣ್ಣಾರ.”

ಗಿರಿಜಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ಸ್ಟೂಲನ್ನು ಎತ್ತಿ, ಟವೆಲ್ಲಿನ ರಾಶಿಯ ಕಡೆಗೆ ಸ್ವಲ್ಪ ಸರಿಸಿಟ್ಟು ಕೂತಳು. ಕೂತು, ಸೆರಗು ಸರಿಮಾಡಿಕೊಂಡಳು. ಪಡಸಾಲೆಯ ಆ ಕಂಬ ನನಗೆ ಆಗ ನೆನಪಾಯಿತು.

“ಇರ್ಲಿ ಬಿಡ್ರಿ” ಎಂದಳು. “ಅವರೇ ಅದಾರ.”

ಅರಿವೆ ನನ್ನ ಕೈಯಲ್ಲೇ ಒಣಗಿತು. ಫೋಟೋವನ್ನು ನಾನು ಹಾಗೆಯೇ ಎತ್ತಿ ಹಿಡಿದುಕೊಂಡು ಕೂತಿದ್ದೆ, ಆಕೆ ಏಳುವವರೆಗೆ.